ಸರೋಜಳ ಹೆಪ್ಪು, ಕಾಕುವಿನ ಡಿಗ್ರಿ

ಸೊಲ್ಲಾಪುರಕ್ಕೆ ಬಂದ ಹನ್ನೊಂದನೆಯ ದಿನ, ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ, ಕೋಣೆಯ ಮೂಲೆಯಲ್ಲಿಟ್ಟಿದ್ದ ಗಾಜಿನ ಬಾಟಲಿಯೊಂದು ಸಿಡಿಯಿತು. ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಟೈರು ಒಡೆಯುವ ಸದ್ದು ಕೇಳಿದವನು ನಾನು. ಆದರೂ ಕೈಯಲ್ಲಿದ್ದ ಚೊಂಬು ಜಾರಿ ಬಿತ್ತು. ಗಾಜಿನ ಚೂರೊಂದು ಗೋಡೆಯ ಕ್ಯಾಲೆಂಡರನ್ನು ಸೀಳಿಕೊಂಡು ಹೋಗಿತ್ತು. ಕೋಣೆಯ ತುಂಬ ಶುಂಠಿಯ ಘಾಟು, ಹುಳಿ ಬಂದ ಸಕ್ಕರೆಯ ವಾಸನೆ.

"ಕಾಯ್ ಝಾಲಂ? ಕಾಯ್ ಝಾಲಂ?" ಎನ್ನುತ್ತ ಕೆಳಗಿನಿಂದ ಮನೆಯೊಡತಿ ಮೆಟ್ಟಿಲೇರಿ ಬಂದರು. ಏನಾಯಿತು ಎಂಬುದಕ್ಕೆ ಅದು ಮರಾಠಿ. ಗಾಬರಿಯಾದಾಗ ಅವರ ಬಾಯಿಗೆ ಮರಾಠಿ ಬರುತ್ತದೆ, ಸಿಟ್ಟು ಬಂದಾಗ ಕನ್ನಡ. ಬಾಗಿಲಲ್ಲಿ ನಿಂತು ಮೂಗು ಅರಳಿಸಿದರು. ಆಮೇಲೆ ಕನ್ನಡ ಬಂತು.

"ಏನ್ರಿ ಮೈಸೂರ್ಕರ, ದಾರೂ ಮಾಡಾಕತ್ತೀರಿ? ನಮ್ಮ ಮನ್ಯಾಗ?"

ದಾರೂ ಎಂದರೆ ಹೆಂಡ. ನನ್ನ ಊರು ನಂಜನಗೂಡು. ಆದರೆ ವಿಜಾಪುರ ರಸ್ತೆಯ ಈ ಓಣಿಯಲ್ಲಿ ತುಂಗಭದ್ರೆಯಿಂದ ಆಚೆ ಇರುವುದೆಲ್ಲ ಮೈಸೂರೇ. ಊರಿನ ಹೆಸರಿಗೊಂದು 'ಕರ್' ಸೇರಿಸಿ ಕರೆಯುವುದು ಮರಾಠಿಯ ರೂಢಿ, ಹಾಗಾಗಿ ನಾನು ಮೈಸೂರ್ಕರ. ಅವರನ್ನು ಇಡೀ ಓಣಿ ಕಾಕು ಎನ್ನುತ್ತದೆ. ಚಿಕ್ಕಮ್ಮ ಎಂಬರ್ಥ. ಎಪ್ಪತ್ತು ದಾಟಿದ ವಿಧವೆ. ಮಕ್ಕಳಿಗೆ ಟವೆಲ್ ವ್ಯಾಪಾರವಿದೆ, ಮೈದುನನ ಕೈಯಲ್ಲಿ ಅಕ್ಕಲಕೋಟೆಯ ಆಚೆ ಹೊಲವಿದೆ.

"ಹೆಂಡ ಅಲ್ಲ ಕಾಕು, ಶುಂಠಿ ಪಾನಕದ ಥರ. ಸ್ವಲ್ಪ ಹುಳಿ ಬರಿಸ್ತೀವಿ, ಅಷ್ಟೇ" ಎಂದೆ.

"ಪಾನಕ ಸಿಡಿತೈತೇನ್ರಿ? ನಮ್ಮ ಮನಿಯವರು ಆ ಬಾಟ್ಲಿಯಿಂದಽ ಹ್ವಾದ್ರು. ಅವರು ಹ್ವಾದ ಮ್ಯಾಲ ಈ ಮನಿ ಹೊಸ್ತಿಲಾ ಒಂದ ಹನಿನೂ ದಾಟಿಲ್ಲ. ನಾ ಗುರುವಾರ ಅಕ್ಕಲಕೋಟಿಗೆ ಹೋಗಿ ದರ್ಶನ ಮಾಡ್ಕೊಂಡ ಬರ್ತೀನಿ. ಬರೂದ್ರಾಗ ಆ ಬರಣಿ ಇರಬಾರ್ದು. ಇಲ್ಲಾಂದ್ರ ನೀವಽ ಇರಬ್ಯಾಡ್ರಿ."

ಅಂದು ಭಾನುವಾರ. ಅವರು ಬೆರಳು ತೋರಿದ್ದು ಕಿಟಕಿಯ ಬಳಿಯ ಬರಣಿಗೆ. ಕೋಣೆಯನ್ನು ಬಿಡಬಹುದಿತ್ತು, ಬರಣಿಯನ್ನು ಚೆಲ್ಲಲು ನನ್ನಿಂದಾಗುತ್ತಿರಲಿಲ್ಲ. ಆದರೆ ಕೋಣೆ ಬಿಟ್ಟರೆ ಈ ಊರಿನಲ್ಲಿ ನನಗೆ ಗೊತ್ತಿದ್ದವರಾದರೂ ಯಾರು?

ಆ ಬರಣಿಯ ವಿಷಯ ಹೇಳಬೇಕು. ನನ್ನ ಹೆಂಡತಿ ಸರೋಜ ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದಳು. ಅಲ್ಲಿನ ಮೇಡಂ ಒಬ್ಬರಿಂದ ಶುಂಠಿ ಬಿಯರ್ ಮಾಡುವುದನ್ನು ಕಲಿತಳು. ಹೆಸರಿಗೆ ಬಿಯರ್, ಕುಡಿದರೆ ಮೂಗಿಗೆ ಗಾಳಿ ಏರುತ್ತದೆ, ತಲೆಗೆ ಏನೂ ಏರುವುದಿಲ್ಲ. ಅದಕ್ಕೆ ಬೇಕಾದ ಹೆಪ್ಪನ್ನು ಬರಣಿಯಲ್ಲಿ ಸಾಕಬೇಕು. ದಿನಕ್ಕೊಂದು ಚಮಚ ಜಜ್ಜಿದ ಶುಂಠಿ, ಒಂದು ಚಮಚ ಸಕ್ಕರೆ. ಹನ್ನೆರಡು ವರ್ಷ ಅವಳು ಒಂದು ದಿನವೂ ತಪ್ಪಿಸಲಿಲ್ಲ. ಆಸ್ಪತ್ರೆಯ ಮಂಚದಿಂದಲೂ, "ಹೆಪ್ಪಿಗೆ ಹಾಕಿದ್ರಾ?" ಎಂದು ಕೇಳುತ್ತಿದ್ದಳು. ಅವಳ ಬಟ್ಟೆಬರೆ ಕೊಟ್ಟುಬಿಟ್ಟೆ. ನಮಗೆ ಮಕ್ಕಳಿಲ್ಲ. ಅವಳ ಕೈಯಿಂದ ಬಂದದ್ದರಲ್ಲಿ ಇನ್ನೂ ಉಸಿರಾಡುತ್ತಿದ್ದದ್ದು ಅದೊಂದೇ.

ಆ ಮನೆಯಲ್ಲಿ ಒಬ್ಬನೇ ಇರಲು ಆಗಲಿಲ್ಲ. ಡಿಪೋದ ಹಳೆಯ ಗೆಳೆಯನ ಅಣ್ಣನಿಗೆ ಸೊಲ್ಲಾಪುರದಲ್ಲಿ ಬ್ಯಾಟರಿ ಅಂಗಡಿ ಇತ್ತು, ಅನುಭವಸ್ಥರು ಬೇಕಾಗಿದ್ದರು. ಬಟ್ಟೆಯ ಚೀಲ, ಬರಣಿ, ಸರೋಜಳ ಗಾಜಿನ ತೇಲುಗಡ್ಡಿ ಹಿಡಿದು ರೈಲು ಹತ್ತಿದೆ. ಸೊಲ್ಲಾಪುರ ಇನ್ನೇನು ಬಂತು ಎನ್ನುವಾಗ ಆ ಕಡ್ಡಿ ಹೋಟಗಿ ನಿಲ್ದಾಣದಲ್ಲಿ, ಇಳಿಯುವವರ ನೂಕುನುಗ್ಗಲಿನಲ್ಲಿ ಮುರಿಯಿತು.

ಕಡ್ಡಿಯ ಕೆಲಸ ಸರಳ. ಸಕ್ಕರೆ ಕರಗಿದ ನೀರು ಭಾರ, ಕಡ್ಡಿ ಮೇಲೆದ್ದು ತೇಲುತ್ತದೆ. ಹೆಪ್ಪು ಸಕ್ಕರೆ ತಿಂದಂತೆ ನೀರು ಹಗುರಾಗುತ್ತದೆ, ಕಡ್ಡಿ ಮುಳುಗುತ್ತ ಹೋಗುತ್ತದೆ. ಎಷ್ಟು ಮುಳುಗಿತೋ ಅಷ್ಟು ಸಕ್ಕರೆ ಗಾಳಿಯೂ ಮದ್ಯವೂ ಆಗಿದೆ ಎಂದರ್ಥ. ಅದು ಮುರಿದ ಮೇಲೆ ನಾನು ದಿನದ ಲೆಕ್ಕ ಹಿಡಿದೆ. ನಂಜನಗೂಡಿನಲ್ಲಿ ಪಾನಕ ಹದಕ್ಕೆ ಬರಲು ಮೂರು ದಿನ. ಇಲ್ಲಿ ಏಪ್ರಿಲ್ ತಿಂಗಳಲ್ಲಿ ಮಾಳಿಗೆಯ ಮೇಲೆ ಬರಿಗಾಲಿಟ್ಟರೆ ಕುಣಿಯಬೇಕಾಗುತ್ತದೆ. ನಲ್ಲಿಯಲ್ಲಿ ಬರುವ ನೀರಿನಲ್ಲಿ ಹಾಗೆಯೇ ಚಹಾ ಪುಡಿ ಹಾಕಬಹುದು. ಆ ಸೆಕೆಯಲ್ಲಿ ಹೆಪ್ಪು ಮೂರು ದಿನದ ಕೆಲಸವನ್ನು ಒಂದೇ ದಿನದಲ್ಲಿ ಮುಗಿಸಿತ್ತು. ಉಳಿದ ಎರಡು ದಿನ ಬಾಟಲಿಯನ್ನು ಒಡೆಯಲು ದುಡಿಯಿತು.

ಸೋಮವಾರ ಅಂಗಡಿಯಿಂದ ಹೊಸದೊಂದು ಬ್ಯಾಟರಿ ಹೈಡ್ರೋಮೀಟರ್ ತಂದೆ. ಆಸಿಡ್ ಎಷ್ಟು ಗಟ್ಟಿಯಾಗಿದೆ ಎಂದು ನೋಡುವ ಸಾಧನ. ಅದನ್ನು ಹಿಡಿದೇ ನಾನು ಇಷ್ಟು ವರ್ಷ ಅನ್ನ ಉಂಡವನು. ಒಳಗಿನ ತೇಲನ್ನು ತೆಗೆದು ಸಕ್ಕರೆ ನೀರಿಗೆ ಬಿಟ್ಟೆ. ಕಲ್ಲಿನಂತೆ ತಳ ಸೇರಿತು. ಆಸಿಡ್ ಎಲ್ಲಿ, ಶುಂಠಿ ನೀರೆಲ್ಲಿ! ಅದರ ಗೆರೆಗಳು ಶುರುವಾಗುವುದೇ ನನ್ನ ಪಾನಕಕ್ಕಿಂತ ಎಷ್ಟೋ ಭಾರದಲ್ಲಿ. ಡಿಪೋದವರು ನೋಡಿದ್ದರೆ ಇನ್ನೊಂದು ಜನ್ಮಕ್ಕೂ ಸಾಕಾಗುವಷ್ಟು ನಗುತ್ತಿದ್ದರು. ಬಳಿಕ ಒಂದು ಸ್ಟ್ರಾದ ತುದಿ ಸುಟ್ಟು ಮುಚ್ಚಿ, ಒಳಗೆ ಸೈಕಲ್ ಬೇರಿಂಗಿನ ಗುಂಡು ಹಾಕಿ ತೇಲಿಸಿದೆ. ತೇಲಿತು. ಆದರೆ ಬರೀ ನೀರಿಗೂ ಸಕ್ಕರೆ ನೀರಿಗೂ ನಡುವೆ ಇರುವೆಯ ಕಾಲಿನಷ್ಟು ಅಂತರ. ಓದುವುದು ಹೇಗೆ?

ಮಂಗಳವಾರ ಬೆಳಿಗ್ಗೆ ಹಾಲಿಗೆಂದು ಕೆಳಗಿಳಿದೆ. ಕುಂಭಾರಿಯಿಂದ ಮೋಟಾರ್ ಸೈಕಲ್ ಮೇಲೆ ಕ್ಯಾನು ಕಟ್ಟಿಕೊಂಡು ಬರುವ ಸಿದ್ದಪ್ಪ, ಕಾಕುವಿನ ಮುಂದೆ ಕೈಕಟ್ಟಿ ನಿಂತಿದ್ದ. ಕಾಕು ಎತ್ತರದ ಲಸ್ಸಿ ಗ್ಲಾಸಿಗೆ ಹಾಲು ಹೊಯ್ದು, ಅದರಲ್ಲಿ ಗಾಜಿನ ತೇಲೊಂದನ್ನು ಬಿಟ್ಟು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

"ಇಪ್ಪತ್ತನಾಕಽ ಡಿಗ್ರಿ. ಎಮ್ಮಿ ಏನ ಬಾವ್ಯಾಗ ಬಿದ್ದಿತ್ತೇನೋ?"

"ಬ್ಯಾಸಿಗಿ ಐತ್ರಿ ಕಾಕು, ನೀರ ಬಾಳ ಕುಡಿತಾವ್ರಿ."

"ಅವು ಕುಡೀಲಿ, ನೀ ಯಾಕ ಕುಡಸ್ತಿ ನನಗ?"

ಸಿದ್ದಪ್ಪ ನನ್ನ ಕಡೆ ತಿರುಗಿ, "ನೋಡ್ರಿ ಸಾಹೇಬ್ರ, ಸೊಲ್ಲಾಪುರದಾಗ ಎರಡ ಕೋರ್ಟ್ ಅದಾವ. ಒಂದು ಪ್ಯಾಟ್ಯಾಗ, ಇನ್ನೊಂದು ಈ ಗ್ಲಾಸಿನ್ಯಾಗ" ಎಂದ.

ನಾನು ನಗಲಿಲ್ಲ. ನನ್ನ ಕಣ್ಣು ಆ ತೇಲಿನ ಗೆರೆಗಳ ಮೇಲಿತ್ತು. ಸೊನ್ನೆಯಿಂದ ನಲವತ್ತು! ಸೊನ್ನೆಯೆಂದರೆ ಬರೀ ನೀರು. ಸರೋಜಳ ಪಾನಕ ಶುರುವಾಗುತ್ತಿದ್ದದ್ದೇ ಮೂವತ್ತರ ಸುಮಾರಿಗೆ. ಎರಡು ದಿನದಿಂದ ನನಗೆ ಬೇಕಾಗಿದ್ದದ್ದು ಮೆಟ್ಟಿಲ ಕೆಳಗೇ ಇತ್ತು.

"ಕಾಕು, ಅದನ್ನ ಒಂದು ಗಂಟೆ ಕೊಡ್ತೀರಾ?"

"ಯಾಕ, ದಾರೂದಾಗ ಅದ್ದಾಕ? ಹಾಲ ನೋಡೂ ಕಡ್ಡಿ ಇದು. ಇದಽ ಹಾಲಿಂದ ದೇವರಿಗೆ ನೈವೇದ್ಯ ಆಗತೈತಿ."

"ಪಾನಕದಲ್ಲಿ ಅದ್ದಲ್ಲ. ಬರೀ ಸಕ್ಕರೆ ನೀರಲ್ಲಿ. ಇದನ್ನ ನೋಡಿ ನನ್ನದೊಂದು ಮಾಡ್ಕೋತೀನಿ. ಹೆಂಡ ಹೌದೋ ಅಲ್ಲವೋ ನೀವೇ ಓದಿ ಹೇಳಿ." ಅಲ್ಲಿಗೆ ನಿಲ್ಲಿಸಬೇಕೆಂದಿದ್ದೆ. ಆದರೆ ಬಾಯಿ ನಿಲ್ಲಲಿಲ್ಲ. "ಆ ಬರಣೀಲಿರೋ ಹೆಪ್ಪು ನನ್ನ ಹೆಂಡತೀದು. ಅವಳು ಹೋಗಿ ಏಳು ತಿಂಗಳಾಯ್ತು."

ಈ ಊರಿಗೆ ಬಂದ ಮೇಲೆ ಆ ಮಾತನ್ನು ಯಾರಿಗೂ ಹೇಳಿರಲಿಲ್ಲ. ಕಾಕು ಸೆರಗಿನಿಂದ ಕಡ್ಡಿಯನ್ನು ಒರೆಸುತ್ತಲೇ ಇದ್ದರು.

"ಹೆಪ್ಪಿಗೆ ನಮ್ಮಲ್ಲಿ ವಿರ್ಜಣ ಅಂತಾರ" ಎಂದರು ಕೊನೆಗೆ. "ಅತ್ತಿ ಇಟ್ಟ ವಿರ್ಜಣ ನಾನೂ ಕೆಡಸಿಲ್ಲ. ಆದ್ರ ನನ್ನ ಮುಂದಽ ಕೂತು ಮಾಡ್ಬೇಕು."

ಕಾಕುವಿನ ಅಂಗಳದಲ್ಲೇ ಕಾರ್ಖಾನೆ ಶುರುವಾಯಿತು. ಬ್ಯಾಟರಿಯ ತೇಲು ನೆನಪಾಯಿತು: ಅದಕ್ಕೆ ಹೊಟ್ಟೆ ದಪ್ಪ, ಕುತ್ತಿಗೆ ಸಣ್ಣ. ಬರೀ ಸ್ಟ್ರಾ ಸೋತದ್ದು ಹೊಟ್ಟೆ ಇಲ್ಲದೆ. ಹೊಟ್ಟೆಗೆ ಏನಿದೆ ಎಂದು ಸುತ್ತ ನೋಡುವಷ್ಟರಲ್ಲಿ ಕಾಕು ತಮ್ಮ ಇನ್ಸುಲಿನ್ನಿನ ಖಾಲಿ ಶೀಶೆ ತಂದು ಕೊಟ್ಟರು. ಅದರೊಳಗೆ ಬೇರಿಂಗ್ ಗುಂಡು ಹಾಕಿ, ರಬ್ಬರ್ ಮುಚ್ಚಳಕ್ಕೆ ತೂತು ಕೊರೆದು, ಜ್ಯೂಸ್ ಪೊಟ್ಟಣದ ಸಣ್ಣ ಸ್ಟ್ರಾ ನಿಲ್ಲಿಸಿ, ಮೇಣದಿಂದ ಮೆತ್ತಿದೆ. ಸ್ಟ್ರಾದೊಳಗೆ ಸುರುಳಿ ಸುತ್ತಿದ ಕಾಗದದ ಪಟ್ಟಿ. ಒಂದೊಂದು ಸಕ್ಕರೆ ನೀರಿನಲ್ಲಿ ಮೊದಲು ಕಾಕುವಿನ ಕಡ್ಡಿ, ಆಮೇಲೆ ನನ್ನದು. ಅವರದು ಹತ್ತು ಎಂದಲ್ಲಿ ನನ್ನದಕ್ಕೆ ಒಂದು ಗೆರೆ, ಇಪ್ಪತ್ತು ಎಂದಲ್ಲಿ ಇನ್ನೊಂದು, ಹೀಗೆ ನಲವತ್ತರವರೆಗೆ. ಗೆರೆಗಳ ನಡುವೆ ಈಗ ಇರುವೆಯಲ್ಲ, ಜಿರಳೆಯೇ ಮಲಗಬಹುದಿತ್ತು. ಅಂಕಿಗಳನ್ನು ಕನ್ನಡದಲ್ಲಿ ಬರೆದೆ.

"ಇದೇನ ಗೀಚೀರಿ? ನನಗ ಓದಾಕ ಬರಂಗಿಲ್ಲ" ಎಂದರು ಕಾಕು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ: ಈ ಊರಿನ ಎಷ್ಟೋ ಜನರ ಬದುಕು ಹಾಗೇ. ನಮ್ಮ ಕಡೆ ಮಾತಾಡುವ ಭಾಷೆಯನ್ನೇ ಅಂಗಡಿಯ ಬೋರ್ಡಿನಲ್ಲಿ ಓದುತ್ತೇವೆ, ಅದೊಂದು ಸುಖ ಎಂದು ಇಲ್ಲಿ ಬರುವವರೆಗೆ ನನಗೆ ತಿಳಿದಿರಲಿಲ್ಲ. ಪಟ್ಟಿಯನ್ನು ಹೊರಗೆಳೆದು, ಅದೇ ಗೆರೆಗಳ ಇನ್ನೊಂದು ತುದಿಗೆ ಅವರೇ ಮರಾಠಿ ಅಂಕಿ ಬರೆದರು.

ಬುಧವಾರ ಬೆಳಿಗ್ಗೆ ಶುಂಠಿ ಕುದಿಸಿ, ಸಕ್ಕರೆ ಕರಗಿಸಿ, ಆರಿಸಿ, ಹೆಪ್ಪು ಹಾಕಿದೆ. ಕಾಕು ಓದಿದರು: ಮೂವತ್ತು. ಈ ಸಲ ಪ್ಲಾಸ್ಟಿಕ್ ಬಾಟಲಿ. ಗಾಳಿ ತುಂಬಿದರೆ ಹಿಚುಕಿ ನೋಡಿ ಮುಚ್ಚಳ ಸಡಿಲಿಸಬಹುದು.

ಗುರುವಾರ ಸಂಜೆ ಕಾಕು ಹಣೆಯ ಮೇಲೆ ಅಕ್ಕಲಕೋಟೆಯ ಅಂಗಾರ, ಎಂದರೆ ಅಲ್ಲಿನ ಪ್ರಸಾದದ ಬೂದಿ, ಹಚ್ಚಿಕೊಂಡು ಬಂದರು. ಸಂಜೆಯ ಹಾಲಿಗೆ ಬಂದ ಸಿದ್ದಪ್ಪನೂ ತೀರ್ಪು ಕೇಳಲು ನಿಂತ. ಲಸ್ಸಿ ಗ್ಲಾಸಿಗೆ ಪಾನಕ ಹೊಯ್ದು ನನ್ನ ಕಡ್ಡಿ ಬಿಟ್ಟೆ. ಅದು ಮುಳುಗುವ ಬದಲು ಮೇಲೆದ್ದಿತು.

"ಮೂವತ್ತಾರು" ಎಂದರು ಕಾಕು. "ನಿನ್ನೆ ಮೂವತ್ತಿತ್ತು. ಸಕ್ಕರಿ ತಿಂತೈತಿ ಅಂದ್ರಿ, ಇದು ಹಡದೈತಲ್ಲ!"

"ಕಾಕು, ಇವರ ಕಡ್ಡಿ ನನಗ ಕೊಡಸ್ರಿ" ಎಂದ ಸಿದ್ದಪ್ಪ. "ನನ್ನ ಹಾಲು ದಿನಾ ಮೂವತ್ತಾರ ಆಗತೈತಿ."

ಕಾಕು ನಗಲಿಲ್ಲ. "ಸುಳ್ಳ ಹೇಳೂ ಕಡ್ಡಿ ತಗೊಂಡು ಏನ ಮಾಡ್ಲಿ ನಾನು" ಎಂದು ಎದ್ದರು. ನಾನು ಗ್ಲಾಸಿನತ್ತ ಬಗ್ಗಿದೆ. ಕಡ್ಡಿಯ ಮೈತುಂಬ ಸಣ್ಣ ಸಣ್ಣ ಗುಳ್ಳೆ. ಆಗ ಸರೋಜಳ ಕೈ ಕಣ್ಣಿಗೆ ಬಂತು. ಕಡ್ಡಿ ಇಳಿಸುವ ಮೊದಲು ಅವಳು ಪಾನಕವನ್ನು ಲೋಟದಿಂದ ಲೋಟಕ್ಕೆ ಎತ್ತಿ ಎತ್ತಿ ಹೊಯ್ಯುತ್ತಿದ್ದಳು, ಕಾಫಿ ಆರಿಸುವ ಹಾಗೆ. "ಇದೇನು ಕಾಫಿನಾ?" ಎಂದು ನಾನು ಪ್ರತಿ ಸಲವೂ ಹಾಸ್ಯ ಮಾಡುತ್ತಿದ್ದೆ. ಅವಳು ಪ್ರತಿ ಸಲವೂ ಸುಮ್ಮನೆ ನಗುತ್ತಿದ್ದಳು. ಗಾಳಿ ಬಿಡಿಸುತ್ತಿದ್ದಳು, ಪುಣ್ಯಾತ್ಗಿತ್ತಿ! ಗುಳ್ಳೆಗಳು ಕಡ್ಡಿಗೆ ಅಂಟಿ ಅದನ್ನು ಎತ್ತಿಬಿಡುತ್ತವೆ.

"ಕಾಕು, ಎರಡು ಲೋಟ ಕೊಡಿ" ಎಂದೆ. ಕೊಟ್ಟರು. ಕೈ ಎತ್ತಿ ಮೊಳದುದ್ದ ಧಾರೆ ಇಳಿಸಿದೆ. ನೊರೆ ಎದ್ದಿತು, ಅಡಗಿತು. ಹತ್ತು ಸಲ.

"ಚಹಾ ಅಂಗಡಿ ತಗೀತಾರ ಮೈಸೂರ್ಕರ" ಎಂದ ಸಿದ್ದಪ್ಪ.

ಮತ್ತೆ ಕಡ್ಡಿ ಬಿಟ್ಟೆ. ಒಂದೆರಡು ಸಲ ತೊನೆದು ನಿಂತಿತು. ಕಾಕು ಬಗ್ಗಿದರು, ಕನ್ನಡಕ ಸರಿಮಾಡಿದರು, ತಮ್ಮ ಮರಾಠಿ ಅಂಕಿಯ ಬದಿಯನ್ನು ತಿರುಗಿಸಿಕೊಂಡರು.

"ಇಪ್ಪತ್ತಾರು."

"ನಾಲ್ಕೇ ಡಿಗ್ರಿ ತಿಂದಿದೆ. ಹೆಂಡ ಆಗಿದ್ದರೆ ಸೊನ್ನೆಗೆ ಇಳೀಬೇಕಿತ್ತು. ನೀವು ಕುಡಿಯೋ ಹುಳಿ ಬಂದ ಜೋಳದ ಅಂಬಲಿ ಇದ್ದ ಹಾಗೆ, ಕಾಕು."

ಅವರು ಗ್ಲಾಸನ್ನೂ ನನ್ನನ್ನೂ ನೋಡಿದರು. ಡಿಗ್ರಿಯನ್ನು ಅವರು ಎಂದೂ ಅಲ್ಲಗಳೆದವರಲ್ಲ. ಅದನ್ನು ನಂಬಿಯೇ ಇಪ್ಪತ್ತು ವರ್ಷ ಸಿದ್ದಪ್ಪನನ್ನು ಬೈದವರು. "ಸಕ್ಕರಿ ತಿನ್ನೂದು ಖರೇನಽ. ನಂದೂ ಒಂದಿಷ್ಟು ತಿಂದ ಹಾಕಿದ್ರ ಸೂಜಿ ತಪ್ಪತಿತ್ತು" ಎಂದು ಒಂದೇ ಗುಟುಕು ಕುಡಿದರು. ಮೂಗಿಗೆ ಗಾಳಿ ಏರಿ, ಕಣ್ಣಲ್ಲಿ ನೀರು ಬಂದು, ಚಿಕ್ಕ ಹುಡುಗಿಯ ಹಾಗೆ ಸೀನಿದರು. ಸಿದ್ದಪ್ಪ ಎರಡು ಗ್ಲಾಸ್ ಕುಡಿದು, "ಇದರಾಗ ನೀರ ಬಾಳ ಐತ್ರಿ" ಎಂದು ತೀರ್ಪು ಕೊಟ್ಟ. ಜೊತೆಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಬಂತು. ಸರೋಜ ಹೋದ ಮೇಲೆ ನಾಲ್ಕು ಜನ ಕೇಳುವ ಹಾಗೆ ನಾನು ನಕ್ಕದ್ದು ಅಂದೇ.

ಅದಾದ ಮೇಲೆ ಬರಣಿ ಎರಡಾಯಿತು. "ಒಂದು ಕೆಟ್ರ ಇನ್ನೊಂದರಿಂದ ತಗೋಬಹುದು. ವಿರ್ಜಣ ಒಂದಽ ಮನ್ಯಾಗ ಇಡಬಾರ್ದು" ಎಂದು ಕಾಕು ಒಂದನ್ನು ತಮ್ಮ ಅಡುಗೆಮನೆಗೆ ಒಯ್ದರು. ಅಕ್ಕಲಕೋಟೆಯ ಬಸ್ಸಿನಲ್ಲಿ ಬಾಟಲಿಗಳನ್ನು ತೊಡೆಯ ಮೇಲಿಟ್ಟುಕೊಂಡು ಅವರ ಹೊಲಕ್ಕೂ ಹೋಗಿ ಬಂದೆವು. ಮೈದುನನ ಮನೆಯವರ ಮುಂದೆ, "ನಾನಽ ಡಿಗ್ರಿ ನೋಡೀನಿ, ಕುಡೀರಿ" ಎಂದು ಕಾಕು ಹೇಳಿದ ಠೀವಿಯನ್ನು ನೀವು ನೋಡಬೇಕಿತ್ತು.

ಡಿಸೆಂಬರಿನಲ್ಲಿ ನಂಜನಗೂಡಿಗೆ ಹೋದೆ. ಸರೋಜಳ ತಂಗಿ ಗಿರಿಜ, ಅಕ್ಕನ ಪಾನಕ ಕುಡಿದು ಬಹಳ ದಿನವಾಯಿತು ಎಂದಿದ್ದಳು. ಬರಣಿ, ಇನ್ಸುಲಿನ್ ಶೀಶೆಯ ಕಡ್ಡಿ ಎರಡನ್ನೂ ಒಯ್ದೆ. ಪಾನಕ ಮಾಡಿಟ್ಟು, ಮರುದಿನ ಎಲ್ಲರನ್ನೂ ಕೂರಿಸಿ, ಎತ್ತಿ ಹೊಯ್ದು ಕಡ್ಡಿ ಬಿಟ್ಟೆ. ಮೂವತ್ತು. ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಗಾಳಿಯಿಲ್ಲದ ಸಿಹಿನೀರು.

"ಇದ್ಯಾಕ ಹಿಂಗ? ನಮ್ಮಲ್ಲಿ ಒಂದ ದಿನಕ್ಕ ಆಗಿಬಿಡತೈತಲ್ಲ" ಎಂದೆ.

ಗಿರಿಜ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ನಮ್ಮಲ್ಲಿ ಅಂದ್ರೆ ಎಲ್ಲಿ ಭಾವ?"

ನಮ್ಮೂರಿನ ಮೂರು ದಿನದ ಲೆಕ್ಕವನ್ನು ನಾನೇ ಮರೆತಿದ್ದೆ. ರೈಲಿನ ಟಿಕೆಟ್ ಮುಂದಕ್ಕೆ ಹಾಕಿಸಿ ಕಾದೆ. ಮೂರನೆಯ ದಿನ ಕಡ್ಡಿ ಇಪ್ಪತ್ತಾರಕ್ಕೆ ಇಳಿಯಿತು. ಎಲ್ಲರೂ ಕುಡಿದರು, ಗಿರಿಜ ಒಂದಿಷ್ಟು ಅತ್ತಳು, ಆಮೇಲೆ ಇನ್ನೊಂದು ಲೋಟ ಕೇಳಿದಳು. ಬರಣಿಯನ್ನು ಅವಳಿಗೇ ಬಿಟ್ಟೆ. ಕಾಕುವಿನ ಮನೆಯಲ್ಲಿ ಇನ್ನೊಂದಿತ್ತಲ್ಲ.

ಎರಡು ಬಾಟಲಿ ಕಾಕುವಿಗೆಂದು ಕಟ್ಟಿಕೊಂಡೆ. ಹೊರಟಾಗ ಹಿಚುಕಿದರೆ ಮೆತ್ತಗಿದ್ದವು. ರೈಲು ಉತ್ತರಕ್ಕೆ ಓಡಿದಂತೆ, ಬಿಸಿಲೇರಿದಂತೆ ಗಟ್ಟಿಯಾಗುತ್ತ ಬಂದವು. ಹೋಟಗಿಯಲ್ಲಿ ರೈಲು ನಿಂತಾಗ ಕಲ್ಲಾಗಿದ್ದವು. ಸರೋಜಳ ಕಡ್ಡಿ ಮುರಿದಿದ್ದ ಆ ನಿಲ್ದಾಣದಲ್ಲೇ, ಬಾಗಿಲ ಬಳಿ ಕೂತು ಮುಚ್ಚಳ ಸಡಿಲಿಸಿದೆ. ಉಸ್ಸೆಂದು ನಂಜನಗೂಡಿನ ಗಾಳಿ ಹೊರಬಿತ್ತು. ಪಕ್ಕದವರು ಮೂಗು ಅರಳಿಸಿ ನನ್ನತ್ತ ತಿರುಗಿದರು.

"ದಾರೂ ಅಲ್ರಿ" ಎಂದೆ. "ಡಿಗ್ರಿ ನೋಡೀನಿ."