ಆ ಕಡೆಯ ಲಾಳಿ

ಮೊಳಕಾಲ್ಮುರಿನ ಅಂಜಿನೇಯ ಯಾರು ಹೇಳಿದ ಮಾತನ್ನೂ ಕಿವಿಗೆ ಹಾಕಿಕೊಳ್ಳುವವನಲ್ಲ. ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣದ ರೇಷ್ಮೆ ಸೀರೆಗೆ ಮಗ್ಗದಲ್ಲಿ ಇಬ್ಬರು ಬೇಕು. ನೇಯುವವನು ಮಗ್ಗದ ಗುಂಡಿಗೆ ಕಾಲಿಳಿಬಿಟ್ಟು ಕೂತರೆ, ಬಲಗಡೆ ಕೂತವರು ಅಂಚಿನ ನೂಲು ಸುತ್ತಿದ ಲಾಳಿ ಎಸೆಯಬೇಕು. ಹೆಂಡತಿ ಕಮಲಾಕ್ಷಮ್ಮ ಎಸೆಯುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಪುಣ್ಯಾತ್ಮ ಆ ಜಾಗದಲ್ಲಿ ಯಾರನ್ನೂ ಕೂರಿಸಲಿಲ್ಲ. ಒಂದೇ ಬಣ್ಣದ ಸೀರೆ ನೇದುಕೊಂಡು ಕಾಲ ಹಾಕಿದ.

ಮಗಳು ರಂಜಿತಾಗೆ ಕರಾವಳಿಯಲ್ಲಿ ಕೆಲಸ, ಕಡಲಲೆಯಿಂದ ಕರೆಂಟು ತೆಗೆಯುವ ಸಣ್ಣ ಘಟಕದಲ್ಲಿ. ಮದುವೆ ಗೊತ್ತಾಗಿ ರಜೆಗೆ ಬಂದವಳು ಅಪ್ಪನ ಮುಂದೆ ಹಟ ಹಿಡಿದಳು.

"ಧಾರೆಗೆ ನೀನು ನೇದ ಎರಡು ಬಣ್ಣದ ಸೀರೇನೇ ಬೇಕು, ನಾಯನಾ. ಲಾಳಿ ನಾನು ಎಸೀತೀನಿ."

ಕೇಳದೆಯೇ ಅವ್ವನ ಜಾಗದಲ್ಲಿ ಕೂತಳು. ಬೈಯಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಲಾಳಿ ಬಂದು ಕೈಗೆ ಸೇರಿತು. ಅಂಜಿನೇಯ ಅದನ್ನು ತಿರುಗಿ ತಳ್ಳಿದ.

ಎಸೆಯುತ್ತಲೇ ಅವಳು ಕಡಲ ಸುದ್ದಿ ತೆಗೆದಳು. "ಅಲೆ ಬಂದಾಗ ತೇಲೋ ಡ್ರಮ್ಮು ಏಳ್ತೈತೆ, ಹೋದಾಗ ಇಳೀತೈತೆ. ಅದರಾಗೇ ಕರೆಂಟು. ಕಲ್ಲಿದ್ದಲು ಬೇಡ, ಹೊಗೆ ಇಲ್ಲ."

"ನಮ್ಮ ಕಡೆ ಸೋಲಾರು, ಗಾಳಿ ಫ್ಯಾನು ಐತಲ್ಲ?"

"ಹೊತ್ತು ಮುಳುಗಿದ್ರೆ ಸೋಲಾರು ಮಲಗ್ತೈತೆ. ದಡದಾಗೆ ಗಾಳಿ ನಿಂತ್ರೂ ಅಲೆ ಬರ್ತಾನೇ ಇರ್ತೈತೆ. ಮಳೆಗಾಲದಾಗೆ ಇನ್ನೂ ಜೋರು. ಅವೆರಡು ಕೈಕೊಟ್ಟಾಗ ಇದು ಕೈ ಹಿಡೀತೈತೆ."

"ಯಾರೂ ತಳ್ಳೋದು ಬೇಡ್ವಾ?"

"ಬೇಡ. ಹೋದದ್ದು ತಾನೇ ತಿರುಗಿ ಬರ್ತೈತೆ."

ಹೋದದ್ದು ತಿರುಗಿ ಬರುವ ಜಾಗವೂ ಇದೆಯಲ್ಲ ಎಂದು ಅಂಜಿನೇಯನಿಗೆ ಕಡಲಿನ ಮೇಲೆ ಹೊಟ್ಟೆಕಿಚ್ಚಾಯಿತು.

ಸೀರೆ ಅರ್ಧಕ್ಕೆ ಬರುವಷ್ಟರಲ್ಲಿ ರಜೆ ಮುಗಿಯಿತು. "ಯಾರನ್ನಾದ್ರೂ ಕೂರಿಸ್ಕೋ" ಎಂದು ಬಸ್ಸು ಹತ್ತಿದಳು. ಪಕ್ಕದ ಮನೆ ಪಾಲಮ್ಮ ತಾನು ಬರುತ್ತೇನೆಂದರೂ "ಬೇಡ ತಾಯಿ" ಅಂದ. ಒಬ್ಬನೇ ಗುಂಡಿಗಿಳಿದು, ಅಭ್ಯಾಸಬಲದಿಂದ ಲಾಳಿಯನ್ನು ಬಲಕ್ಕೆ ತಳ್ಳಿದ. ಅದು ಅವಳು ಕೂತಿದ್ದ ಖಾಲಿ ಮಣೆ ದಾಟಿ ಗೋಡೆಗೆ ತಗುಲಿ ಬಿತ್ತು. ನೋಡುತ್ತಾ ಕೂತ.

ಆಮೇಲೆ ಲಾಳಿ ದಾಟುವ ಎಳೆಗಳ ಸಂದು ಮುಚ್ಚಿಕೊಳ್ಳದಂತೆ, ಕಾಲಲ್ಲಿ ತುಳಿಯುವ ಮಗ್ಗದ ಮಣೆಗೆ ಕಲ್ಲು ಹೇರಿದ. ಎದ್ದು ಸುತ್ತಿ ಹೋಗಿ, ಹೆಂಡತಿಯ ಜಾಗದಲ್ಲಿ ಕೂತು ಲಾಳಿ ಎಸೆದ. ಮತ್ತೆ ಸುತ್ತಿ ಬಂದು ಗುಂಡಿಗಿಳಿದು ಅದನ್ನು ಎತ್ತಿಕೊಂಡ. ಒಂದೊಂದು ಎಳೆಗೂ ಹೀಗೇ. ಮಂಡಿ ಬಾತುಕೊಂಡಿತು.

ಮದುವೆ ಹತ್ತಿರ ಬಂದಾಗ ರಂಜಿತಾ ಫೋನು ಮಾಡಿದಳು. "ಸೀರೆ ಎಲ್ಲೀಗಂಟ ಬಂತು, ನಾಯನಾ?"

"ಸೆರಗಿಗೆ ಬಂತು."

"ಹೌದಾ! ಅವ್ವನ ಜಾಗದಾಗೆ ಯಾರು ಕೂತವ್ರೆ?"

"ನಾನೇ."

"ಮತ್ತೆ ಗುಂಡಿಯಾಗೆ?"

"ಅಲ್ಲೂ ನಾನೇ ಕಣವ್ವ."