ಮನೆಯೆಲ್ಲ ಹಚ್ಚಿಕೊಂಡ ಔಷಧ

ನರ್ಸಬಾಯಿಯವರ ಬಿಳಿ ಸೀರೆಯ ಅಂಚು ಯಾವಾಗಲೂ ಎರೆಮಣ್ಣು ಮೆತ್ತಿ ಕಪ್ಪಾಗಿರುತ್ತಿತ್ತು. ನಮ್ಮೂರು ಅಗರಖೇಡದ ಓಣಿ ಓಣಿ ತಿರುಗುತ್ತಿದ್ದರು. "ಕೂಡ್ರಿ ಬಾಯಾರ" ಎಂದರೆ, "ಕುಂತರ ಏಳಾಕ ಮನಸ್ಸಾಗೂದಿಲ್ಲ" ಎಂದು ನಿಂತೇ ಚಹಾ ಕುಡಿದು ಹೊರಡುತ್ತಿದ್ದರು.

ಮಕ್ಕಳೇ, ನಿಮ್ಮ ಅವ್ವ ಆಗ ಹಾಲುಗೂಸು. ಅವಳ ಅಂಗೈ, ಅಂಗಾಲು, ಕಂಕುಳಲ್ಲೆಲ್ಲ ಗುಳ್ಳೆ. ನನಗೂ ಬೆರಳ ಸಂದಿಯಲ್ಲಿ, ನಡುವಿನ ಸುತ್ತ ಕಡಿತ. ಕತ್ತಲಾದರೆ ಇನ್ನೂ ಹೆಚ್ಚು. ರೊಟ್ಟಿ ಬಡಿಯುವುದನ್ನು ನಡುವೆ ಬಿಟ್ಟು ಮಣಿಕಟ್ಟನ್ನು ಗೋಡೆಗೆ ತಿಕ್ಕುತ್ತಿದ್ದೆ. ನಮ್ಮ ಅತ್ತೆ ನೋಡಿ, "ನಿನ್ನ ಹಾಲಿನ ಉಷ್ಣ ಕೂಸಿಗೆ ಇಳದೈತಿ. ಕಡಿಮಿ ಆಗಲಿಲ್ಲಂದ್ರ ಕುಡಸೂದು ಬಿಡು" ಎಂದರು. ಎದುರಾಡುವ ಬಾಯಿ ನನಗಿರಲಿಲ್ಲ.

ನರ್ಸಬಾಯಿ ನನ್ನ ಬೆರಳು ಬಿಡಿಸಿ ನೋಡಿದರು. "ಹಾಲಲ್ಲ ತಂಗಿ, ಕಜ್ಜಿ. ಕಣ್ಣಿಗೆ ಕಾಣದ ಹುಳ ತೊಗಲಾಗ ಬಿಲ ತೋಡ್ತಾವ. ಮನಿಯವರೆಲ್ಲಾ ಈ ಔಷಧ ಹಚ್ಕೋರಿ."

ನಾನು ಕೂಸಿಗೆ ಹಚ್ಚಿ, ನಾನೂ ಹಚ್ಚಿಕೊಂಡೆ. ಅತ್ತೆ ಮುಟ್ಟಲಿಲ್ಲ. ಕಜ್ಜಿ ಹೊಲಸು ಇದ್ದವರಿಗೆ ಬರುವುದು, ನಿತ್ಯ ಮಿಂದು ಪೂಜೆ ಮಾಡುವ ತಮಗೇಕೆ ಎಂಬ ಬಿಗುಮಾನ. ಆದರೆ ಕೂಸು ಮಲಗುತ್ತಿದ್ದದ್ದು ಅವರ ಮಗ್ಗುಲಲ್ಲಿ, ಅವರ ಕೌದಿಯಲ್ಲಿ. ಗುಳ್ಳೆ ಮತ್ತೆ ಎದ್ದವು. ಅತ್ತೆ ಕೂಸನ್ನು ತಮ್ಮ ಹತ್ತಿರ ಇಟ್ಟುಕೊಂಡು ಆಡಿನ ಹಾಲಿಗೆ ಹೇಳಿ ಕಳಿಸಿದರು. ನನ್ನ ಎದೆ ಹಾಲು ಕಟ್ಟಿ ಕಲ್ಲಾಗಿ ನೋಯುತ್ತಿತ್ತು. ಕೂಸಿನ ಅಳು ಕೇಳುತ್ತ ಒಳಗೆ ಹೊರಗೆ ತಿರುಗಿದೆ.

ಅಳು ಕೇಳಿಯೇ ನರ್ಸಬಾಯಿ ಒಳಗೆ ಬಂದರು. "ಅಮ್ಮಾರ, ನಿಮಗ ಕಡೀತೈತೇನ್ರಿ?"

"ನನಗ್ಯಾಕ ಕಡೀತೈತಿ?" ಎನ್ನುತ್ತಲೇ ಅತ್ತೆಯ ಕೈ ನಡುವಿಗೆ ಹೋಯಿತು.

"ಬಾಯಿ ಒಂದ ಅಂತೈತಿ, ಕೈ ಒಂದ ಅಂತೈತಿ ನೋಡ್ರಿ."

ನನ್ನ ಯಜಮಾನರು ಮುಖ ತಿರುಗಿಸಿ ನಕ್ಕರು. ಅವರೂ ಕೆರೆದುಕೊಳ್ಳುತ್ತಲೇ ಇದ್ದರು.

"ಸ್ವಚ್ಛ ಇದ್ದವರಿಗೂ ಬರ್ತೈತ್ರಿ," ಎಂದರು ನರ್ಸಬಾಯಿ. "ಕೂಸಿನ್ನ ಎತ್ತಿಕೊಂಡವರಿಗೆ, ಮಗ್ಗಲಾಗ ಹಾಕ್ಕೊಂಡವರಿಗೆ ಬರ್ತೈತಿ. ಮೊಮ್ಮಗಳ ಮ್ಯಾಲೆ ಜೀವ ಇಟ್ಟೀರಿ, ಅದಕ್ಕ ಬಂದೈತಿ."

ಅತ್ತೆ ಔಷಧಕ್ಕೆ ಕೈ ಚಾಚಿದರು.

ಅವತ್ತು ನರ್ಸಬಾಯಿ ನಮ್ಮ ಪಡಸಾಲೆಯಲ್ಲಿ ಕೂತುಬಿಟ್ಟರು. ಎಲ್ಲರೂ ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿಕೊಳ್ಳುವ ತನಕ, ಕೌದಿ ಅರಿವೆಗಳೆಲ್ಲ ಕುದಿಯುವ ನೀರಿಗೆ ಬೀಳುವ ತನಕ ಏಳಲಿಲ್ಲ. "ಹುಳ ಸತ್ತರೂ ಕಡಿತ ಒಮ್ಮಿಗೇ ಹೋಗಂಗಿಲ್ಲ. ಗಾಬರಿಯಾಗಿ ದಿನಾ ಔಷಧ ಸುರುವಬ್ಯಾಡ್ರಿ. ಇನ್ನೊಮ್ಮಿ ಹಚ್ಚೂದು ಯಾವಾಗ, ನಾ ಬಂದು ಹೇಳ್ತೇನಿ. ಅಲ್ಲೀತನಕ ಉಗುರು ಕತ್ತರಸ್ರಿ, ತಣ್ಣನ ಅರಿವಿ ಒತ್ರಿ."

"ಹಾಲು?" ಎಂದೆ, ನೆಲ ನೋಡುತ್ತ.

"ಎದಿ ಮ್ಯಾಲಿನ ಔಷಧ ಒರಸಿ ಕುಡಸು ತಂಗಿ."

ಅತ್ತೆ ಕೂಸನ್ನು ತಂದು ನನ್ನ ಮಡಿಲಿಗೆ ಹಾಕಿದರು.

ಆಮೇಲೆ ನರ್ಸಬಾಯಿಗೆ ಮುದ್ದೇಬಿಹಾಳದ ಕಡೆ ವರ್ಗವಾಯಿತು. ಅವರು ತೀರಿಹೋದ ಸುದ್ದಿ ನನಗೆ ಸಿಕ್ಕಿದ್ದು ವರ್ಷಗಳ ನಂತರ, ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ. ಪಕ್ಕದಲ್ಲಿ ನಿಂತಿದ್ದ ನಿಮ್ಮ ಅವ್ವ, "ಯಾಕ ಅಳತೀ ಬೇ ಯವ್ವಾ? ಯಾರವರು?" ಎಂದು ಸೆರಗು ಜಗ್ಗಿದಳು.

"ನೀ ನನ್ನ ಎದಿಹಾಲು ಕುಡದು ಬೆಳದಿದ್ದು ಅವರಿಂದ," ಎಂದೆ. ಅಷ್ಟು ಗಂಡಸರ ನಡುವೆ, ಗಟ್ಟಿಯಾಗಿಯೇ ಅಂದೆ.