ಟೈಲರಮ್ಮನ ಊಟದ ಪುಸ್ತಕ

ಏನು ತಿನ್ನಬೇಕು, ಏನು ತಿನ್ನಬಾರದು ಎಂದು ಊರಿಗೆಲ್ಲ ಹೇಳುವುದು ನನ್ನ ಉದ್ಯೋಗ. ಆಸ್ಪತ್ರೆಯ ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿ ಕೂತು ದಿನಕ್ಕೆ ನಲವತ್ತು ಸಕ್ಕರೆ ಕಾಯಿಲೆಯವರಿಗೆ ಸೊಪ್ಪು ತಿನ್ನಿ, ನಿಧಾನವಾಗಿ ಅಗಿಯಿರಿ ಎಂದು ಪಾಠ ಒಪ್ಪಿಸುತ್ತೇನೆ. ನನಗೆ ಅಗಿಯಲು ಹೊತ್ತೆಲ್ಲಿ? ಡ್ರಾಯರಿನಲ್ಲಿ ಬಿಸ್ಕತ್ತು ಇಟ್ಟಿದ್ದೇನೆ. ಒಬ್ಬರು ಹೋಗಿ ಇನ್ನೊಬ್ಬರು ಬರುವುದರೊಳಗೆ ಎರಡು ನುಂಗುತ್ತೇನೆ.

ನಾನು ಕೊಡುವ ಪುಸ್ತಕದಲ್ಲಿ ಅವರು ತಿಂದದ್ದನ್ನೆಲ್ಲ ಬರೆದು ತರಬೇಕು. ಕರಿದದ್ದು ಕಂಡರೆ ಹಿಂದೆಮುಂದೆ ನೋಡದೆ ಬೈಯುವವಳು ನಾನು. ಬೈಸಿಕೊಳ್ಳದವರು ಒಬ್ಬರೇ, ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಹೊಲಿಯುವ ಟೈಲರಮ್ಮ. ಅವರ ಪುಸ್ತಕ ಎಷ್ಟು ಚೊಕ್ಕವಾಗಿತ್ತೆಂದರೆ ಉಳಿದವರಿಗೆಲ್ಲ ತೋರಿಸಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆದರೂ ಅವರ ಸಕ್ಕರೆ ಇಳಿಯಲಿಲ್ಲ. ಪಥ್ಯ ಸರಿಯಿದೆ ಎಂದು ನಾನು ಷರಾ ಬರೆದೆ, ಅದನ್ನು ನಂಬಿ ಡಾಕ್ಟರು ಮಾತ್ರೆ ಹೆಚ್ಚಿಸಿದರು. ಮುಂದಿನ ತಿಂಗಳು ಟೈಲರಮ್ಮ ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು ಬಂದರು. ಹೊಲಿಯುವಾಗ ತಲೆ ಸುತ್ತಿ ಮೆಷಿನ್ನಿನ ಸೂಜಿ ಬೆರಳಿಗೆ ಇಳಿದಿತ್ತಂತೆ. ಮಹಾ ಪಂಡಿತೆಯಾದ ನಾನು ಸೊಪ್ಪು ಇನ್ನೂ ಸ್ವಲ್ಪ ಜಾಸ್ತಿ ಮಾಡಿ ಎಂದೆ.

ಅವತ್ತೇ ಸಂಜೆ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ನಿಂತು ಕ್ರೀಮ್ ಬನ್ನಿಗೆ ಬಾಯಿ ಹಾಕಿದ್ದೆ. ಪಕ್ಕಕ್ಕೆ ತಿರುಗಿದರೆ ಟೈಲರಮ್ಮ, ಅವರ ಕೈಯಲ್ಲೂ ಅಂಥದ್ದೇ ಬನ್ನು. ನನಗೆ ಉಗುಳುವಂತಿಲ್ಲ, ನುಂಗುವಂತಿಲ್ಲ. ಇವತ್ತೊಂದೇ ದಿನ ಎಂದು ಸಮಜಾಯಿಷಿ ಕೊಟ್ಟೆ. ಅವರಿಗೆ ನನ್ನ ಮೇಲೆ ಕನಿಕರ ಬಂತೆಂದು ಕಾಣುತ್ತದೆ.

“ನಂದು ದಿನಾ ಇದೇ ಮೇಡಂ. ಮಧ್ಯಾಹ್ನ ಊಟಕ್ಕೆ ಎದ್ರೆ ಹತ್ತು ಕಾಲರ್ ಕಮ್ಮಿಯಾಗುತ್ತೆ, ಕೂಲಿನೂ ಅಷ್ಟು ಹೋಗುತ್ತೆ. ನಿಜ ಬರೆದ್ರೆ ನೀವು ಬೈತೀರಿ ಅಂತ ನಿಮ್ಮ ಕೋಣೆ ಗೋಡೆ ಮೇಲಿರೋ ಪಥ್ಯದ ಪಟ್ಟಿ ನೋಡ್ಕೊಂಡು ಬರೆದೆ.”

ಇಷ್ಟು ದಿನ ನಾನು ಮೆಚ್ಚಿಕೊಂಡಿದ್ದು ನನ್ನದೇ ಪಟ್ಟಿಯನ್ನು. ಖಾಲಿ ಹೊಟ್ಟೆಯ ಹೆಂಗಸಿಗೆ ಮಾತ್ರೆ ಹೆಚ್ಚುವಂತೆ ಮಾಡಿ, ಸಕ್ಕರೆ ತೀರಾ ಇಳಿದು ತಲೆ ಸುತ್ತುವಂತೆ ಮಾಡಿ, ಬೆರಳನ್ನು ಸೂಜಿಯ ಕೆಳಗೆ ಇಡಿಸಿದವಳೂ ನಾನೇ.

ಮರುದಿನ ಕೆಲಸಕ್ಕೆ ಹೋಗುವ ಮುಂಚೆ ಬನ್ನಿ ಎಂದು ಬೇಡಿಕೊಂಡೆ. ಬಂದರು. ಅವರು ಹೇಳಿದರು, ನಾನು ಬಾಯಿ ಮುಚ್ಚಿಕೊಂಡು ಬರೆದೆ: ಬೆಳಿಗ್ಗೆ ಚಹಾ, ಮಧ್ಯಾಹ್ನ ಏನಿಲ್ಲ, ಸಂಜೆ ಬನ್ನು. ಡಾಕ್ಟರು ಓದಿ ಮಾತ್ರೆ ಅರ್ಧಕ್ಕೆ ಇಳಿಸಿದರು. ಮೆಷಿನ್ನಿನ ಮುಂದೆ ಕೂತಲ್ಲೇ ತಿನ್ನುವಂಥದ್ದು ಏನಿದೆ ಎಂದು ನಾನೂ ಟೈಲರಮ್ಮನೂ ತಲೆ ಕೆಡಿಸಿಕೊಂಡು, ಕೊನೆಗೆ ಬೇಯಿಸಿದ ಮೊಟ್ಟೆಗೆ ಬಂದು ನಿಂತೆವು.

ಟೈಲರಮ್ಮ ನನಗಿಂತ ಹದಿನೈದು ವರ್ಷ ದೊಡ್ಡವರು. ಬ್ಯಾಂಡೇಜಿನ ಕೈಯಲ್ಲಿ ಪುಸ್ತಕ ತಗೊಂಡು, ಬಾಗಿಲ ಬಳಿ ನಿಂತು ಕೇಳಿದರು:

“ಇನ್ಮೇಲೆ ನಿಜ ಬರೆದ್ರೆ ಬೈಯಲ್ಲ ಅಲ್ವಾ ಮೇಡಂ?”